ಹೂವಿಗಿಂತ ಮೊದಲು ಎಲೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕೀ ನಗರ. ಜುಲೈ ತಿಂಗಳ ಸಂಜೆ. ಮಕ್ಕಳ ಮನೆಗೆ ಆರು ತಿಂಗಳ ಮಟ್ಟಿಗೆ ಬಂದಿರುವ ಇಬ್ಬರು ದಿನಸಿ ಅಂಗಡಿಯ ಮುಂದಿನ ಕಾರು ನಿಲ್ಲಿಸುವ ಬಯಲಿನ ಅಂಚಿನಲ್ಲಿ ವಾಕಿಂಗ್ ಹೊರಟಿದ್ದಾರೆ. ಒಬ್ಬಾಕೆ ಮೈಸೂರಿನಲ್ಲಿ ನಲವತ್ತು ವರ್ಷ ಗುಲಾಬಿ ಸಾಕಿದವರು, ತವರು ಕೊಪ್ಪದ ಕಡೆ. ಇನ್ನೊಬ್ಬರು ಕೃಷಿ ಕಾಲೇಜಿನಲ್ಲಿ ಸಸ್ಯರೋಗಶಾಸ್ತ್ರ ಕಲಿಸಿ ನಿವೃತ್ತರಾದವರು. ಬಯಲಿನ ಅಂಚಿನುದ್ದಕ್ಕೂ ಸೊಂಟದೆತ್ತರದ ಗುಲಾಬಿ ಪೊದೆ, ಮೈತುಂಬ ಚೆರ್ರಿ ಕೆಂಪಿನ ಹೂವು.

ತೋಟದವರು: ಮೇಷ್ಟ್ರೇ, ಒಂದು ನಿಮಿಷ ನಿಲ್ಲಿ. ಇದನ್ನು ಮೂಸಿ ನೋಡಿ.

ಮೇಷ್ಟ್ರು: ಮೂಸಿದೆ. ಇದ್ದರೂ ಇಲ್ಲದ ಹಾಗೆ ಇದೆ.

ತೋಟದವರು: ಅದೇ ನನ್ನ ತಕರಾರು. ಎಸಳು ಎಣಿಸಿದೆ, ಒಂದರಲ್ಲಿ ಏಳು, ಇನ್ನೊಂದರಲ್ಲಿ ಎಂಟು. ಮೊಗ್ಗಿಗೆ ಮಾಟವಿಲ್ಲ, ತೊಟ್ಟಿಗೆ ಉದ್ದವಿಲ್ಲ. ಕೊಯ್ದು ಹೂದಾನಿಗಿಟ್ಟರೆ ಮರುದಿನ ಮೇಜಿನ ತುಂಬ ಎಸಳು. ನಮ್ಮ ದಸರಾ ಫಲಪುಷ್ಪ ಪ್ರದರ್ಶನಕ್ಕೆ ಇದನ್ನು ತಂದಿಟ್ಟರೆ ತೀರ್ಪುಗಾರರು ಬೇಲಿ ಗಿಡದ ವಿಭಾಗ ಆ ಕಡೆ ಅಂತ ಕೈ ತೋರಿಸುತ್ತಿದ್ದರು. ಇಲ್ಲಿ ನೋಡಿದರೆ ಅಂಗಡಿ ಮುಂದೆ ಇದೇ, ಬ್ಯಾಂಕಿನ ಮುಂದೆ ಇದೇ, ಪೆಟ್ರೋಲ್ ಬಂಕಿನಲ್ಲೂ ಇದೇ. ಈ ಜನಕ್ಕೆ ಬೇರೆ ಗುಲಾಬಿ ಸಿಗಲಿಲ್ಲವೇ?

ಮೇಷ್ಟ್ರು: ಹೂವು ನೋಡಿದ್ದಾಯಿತಲ್ಲ. ಈಗ ಸ್ವಲ್ಪ ಬಗ್ಗಿ, ಬುಡದ ಎಲೆ ನೋಡಿ.

ತೋಟದವರು: ಇವೆ. ಬುಡದ ತನಕ ಎಲೆ ಇದೆ. ಚುಕ್ಕೆ ಇಲ್ಲ, ಹಳದಿ ಇಲ್ಲ. ಯಾರೋ ದಿನ ಬಿಟ್ಟು ದಿನ ಔಷಧಿ ಹೊಡೆಯುತ್ತಿರಬೇಕು.

ಮೇಷ್ಟ್ರು: ಕಾರು ನಿಲ್ಲಿಸುವ ಬಯಲಿಗೆ ಬಂದು ಯಾರು ಔಷಧಿ ಹೊಡೆಯುತ್ತಾರೆ ತಾಯಿ? ಇಲ್ಲಿಯ ಆರೈಕೆ ಏನಿದ್ದರೂ ಆ ತುಂತುರು ಕೊಳವೆ. ಹುಲ್ಲಿಗೆ ಅಂತ ರಾತ್ರಿ ತಿರುಗುತ್ತದೆ, ಗುಲಾಬಿಗೂ ಸ್ನಾನ ಮಾಡಿಸುತ್ತದೆ.

ತೋಟದವರು: ರಾತ್ರಿಯೇ? ಎಲೆಯ ಮೇಲೆ? ನಮ್ಮಲ್ಲಿ ಅದು ಮಹಾಪಾಪ. ನೀರು ಬುಡಕ್ಕೆ, ಅದೂ ಬೆಳಿಗ್ಗೆ ಅಂತ ನಾನು ಮನೆಗೆಲಸದವಳಿಗೆ ಹೇಳಿ ಹೇಳಿ ಸೋತಿದ್ದೇನೆ. ಒಂದು ರಾತ್ರಿ ಎಲೆ ನೆನೆದರೆ ವಾರದೊಳಗೆ ಕಪ್ಪು ಚುಕ್ಕೆ ಬಂದೇ ಬರುತ್ತದೆ.

ಮೇಷ್ಟ್ರು: ಬರಲೇಬೇಕು. ಆ ಶಿಲೀಂಧ್ರದ ಹೆಸರು ಡಿಪ್ಲೋಕಾರ್ಪನ್ ರೋಸೆ. ಅದರ ಬೀಜಕಣ ಗಾಳಿಯಲ್ಲಿ ತೇಲಿ ಬರುವುದು ಕಡಿಮೆ, ಹನಿಯ ಜೊತೆ ಸಿಡಿದು ಬರುತ್ತದೆ. ಎಲೆ ಒಂದೇ ಸಮನೆ ಏಳೆಂಟು ಗಂಟೆ ಒದ್ದೆಯಿದ್ದರೆ ಮೊಳೆತು ಎಲೆಯೊಳಗೆ ಇಳಿಯುತ್ತದೆ. ಇಪ್ಪತ್ತು ಡಿಗ್ರಿಯ ಆಸುಪಾಸಿನ ಹವೆ ಅದಕ್ಕೆ ಹಬ್ಬ. ಮೊದಲು ಅಂಚು ಕೆದರಿದ ಕಪ್ಪು ಮಚ್ಚೆ, ಆಮೇಲೆ ಸುತ್ತ ಹಳದಿ, ಆಮೇಲೆ ಎಲೆ ಉದುರುವುದು. ಉದುರಿದ ಎಲೆಯಲ್ಲೇ ಚಳಿಗಾಲ ಕಳೆದು, ಮುಂದಿನ ಮಳೆಯ ಹನಿಗೆ ಮತ್ತೆ ಮೇಲೇಳುತ್ತದೆ.

ತೋಟದವರು: ಪಠ್ಯಪುಸ್ತಕ ಓದದೆಯೂ ಇದೆಲ್ಲ ನನಗೆ ಗೊತ್ತು. ಜುಲೈ ಬಂತೆಂದರೆ ನನ್ನ ಗಿಡಗಳು ಬೋಳು ಕಾಲಿನ ಮೇಲೆ ಹೂವು ಹೊತ್ತು ನಿಲ್ಲುತ್ತಿದ್ದವು. ಭಾನುವಾರ ಬೆಳಿಗ್ಗೆ ಎಂದರೆ ಪಂಪು ಹೆಗಲಿಗೆ. ಒಂದು ವಾರ ಒಂದು ಪುಡಿ, ಮರುವಾರ ಇನ್ನೊಂದು. ತವರಿನಲ್ಲಿ ಅಡಿಕೆಯ ಕೊಳೆಗೆ ಬೋರ್ಡೋ ಹೊಡೆಯುವುದನ್ನು ನೋಡುತ್ತ ಬೆಳೆದವಳು ನಾನು. ಮೈಲುತುತ್ತ, ಸುಣ್ಣ ಕಲಸುವ ವಾಸನೆ ಮೂಗಿನಲ್ಲೇ ಇದೆ. ಗಿಡ ಸಾಕುವುದು ಎಂದರೆ ಔಷಧಿ ಹೊಡೆಯುವುದು ಅಂತಲೇ ತಿಳಿದಿದ್ದೆ.

ಮೇಷ್ಟ್ರು: ಹಾಗಾದರೆ ನಿಮ್ಮ ಮುಂದಿರುವುದು ಆ ತಿಳಿವಳಿಕೆಯನ್ನೇ ಪ್ರಶ್ನಿಸಿದ ಗಿಡ. ಇದರ ಹೆಸರು ‘ನಾಕ್ ಔಟ್’.

ತೋಟದವರು: ಮುಷ್ಟಿಕಾಳಗದ ಹೆಸರು! ಗುಲಾಬಿಗೆ ಯಾರಾದರೂ ಇಂಥ ಹೆಸರಿಡುತ್ತಾರೆಯೇ? ‘ಪೀಸ್’ ಅಂತ ಒಂದು ಗುಲಾಬಿಯಿದೆ, ಆ ಹೆಸರು ಎಷ್ಟು ಚೆಂದ.

ಮೇಷ್ಟ್ರು: ನಮ್ಮ ಮೈಸೂರಿನ ಲೆಕ್ಕದಲ್ಲಿ ಗರಡಿಯಿಂದ ಬಂದ ಹೆಸರು ಅಂದುಕೊಳ್ಳಿ. ನಿಜಕ್ಕೂ ಗರಡಿಯಲ್ಲೇ ಪಳಗಿದ್ದು. ಆ ಗರಡಿ ಇದ್ದದ್ದು ಇದೇ ಊರಿನ ಆಸುಪಾಸಿನಲ್ಲಿ. ವಿಲಿಯಂ ರ್‍ಯಾಡ್ಲರ್ ಅಂತ, ಇಲ್ಲಿಯ ಬೋರ್ನರ್ ಸಸ್ಯೋದ್ಯಾನದ ನಿರ್ದೇಶಕರಾಗಿದ್ದವರು. ಮನೆಯ ನೆಲಮಾಳಿಗೆಯಲ್ಲಿ ಟ್ಯೂಬ್‌ಲೈಟಿನ ಬೆಳಕಿನಡಿ ಗುಲಾಬಿ ಬೀಜ ಮೊಳೆಸುತ್ತಿದ್ದರು. ಅವರಿಗೂ ನಿಮ್ಮ ಹಾಗೆ ಗುಲಾಬಿ ಹುಚ್ಚು. ಆದರೆ ಪಂಪು ಹೊರುವುದು ಬೇಸರ. ಆರೈಕೆಯ ಹೊರೆಯನ್ನು ಗಿಡದಿಂದಲೇ ಕಳಚಿಬಿಡಬೇಕು ಅಂತ ಹೊರಟರು.

ತೋಟದವರು: ಬಯಕೆ ಎಲ್ಲರಿಗೂ ಇರುತ್ತದೆ. ಮಾಡಿದ್ದೇನು?

ಮೇಷ್ಟ್ರು: ಕೇಳಿದರೆ ನಿಮಗೆ ಸಿಟ್ಟು ಬರುತ್ತದೆ. ರೋಗ ಬಂದ ಎಲೆಗಳನ್ನು ಆರಿಸಿ ತಂದು ಒಣಗಿಸಿ ಪುಡಿ ಮಾಡಿಟ್ಟರು. ವಸಂತ ಬಂದಾಗ ಆ ಪುಡಿಯನ್ನು ಎಳೆ ಸಸಿಗಳ ಮೇಲೆ ಉದುರಿಸಿದರು. ಮೇಲಿನಿಂದ ತುಂತುರು ನೀರು ಬಿಟ್ಟು ಎಲೆಗಳನ್ನು ಒದ್ದೆಯಾಗಿಯೇ ಇಟ್ಟರು.

ತೋಟದವರು: ಅಯ್ಯೋ, ಕೈಯಾರೆ ರೋಗ ಬಿತ್ತಿದರೇ?

ಮೇಷ್ಟ್ರು: ಬಿತ್ತಿದರು. ಔಷಧಿ ಒಂದು ಹನಿಯೂ ಇಲ್ಲ. ಬಹುಪಾಲು ಸಸಿಗಳು ಎಲೆ ಕಳೆದುಕೊಂಡವು, ಅವನ್ನು ಕಿತ್ತು ಎಸೆದರು. ಎಲೆ ಉಳಿಸಿಕೊಂಡವನ್ನು ಮಾತ್ರ ಮುಂದಿನ ಸಂಕರಕ್ಕೆ ಇಟ್ಟುಕೊಂಡರು. ಹೀಗೆ ವರ್ಷಗಟ್ಟಲೆ ಸೋಸಿದ ಮೇಲೆ, 1980ರ ದಶಕದ ಕೊನೆಯಲ್ಲಿ ಮೊಳೆತ ಒಂದು ಸಸಿ ನಿಮ್ಮ ಮುಂದಿರುವ ಇದು. ಮಾರುಕಟ್ಟೆಗೆ ಬಂದದ್ದು 2000ದಲ್ಲಿ. ಅದೇ ವರ್ಷ ಆಲ್ ಅಮೆರಿಕ ರೋಸ್ ಸೆಲೆಕ್ಷನ್ಸ್ ಪ್ರಶಸ್ತಿಯೂ ಬಂತು. 2018ರಲ್ಲಿ ವಿಶ್ವ ಗುಲಾಬಿ ಸಂಘಗಳ ಒಕ್ಕೂಟ ಇದನ್ನು ತನ್ನ ಕೀರ್ತಿಪಟ್ಟಿಗೆ ಸೇರಿಸಿತು. ನಿಮ್ಮ ‘ಪೀಸ್’ ಇರುವ ಪಟ್ಟಿ ಅದು.

ತೋಟದವರು: ಈ ಪರಿಮಳವಿಲ್ಲದ್ದು ‘ಪೀಸ್’ ಪಕ್ಕದಲ್ಲಿ! ಇರಲಿ. ನನಗೊಂದು ಅರ್ಥವಾಗುವುದಿಲ್ಲ. ತಳಿ ಮಾಡುವವರು ಬುದ್ಧಿವಂತರೇ ಅಲ್ಲವೇ? ಇಷ್ಟು ಸರಳವಾದ ಸೋಸುವ ಕೆಲಸ ಮೊದಲೇ ಯಾಕೆ ಮಾಡಲಿಲ್ಲ?

ಮೇಷ್ಟ್ರು: ಯಾಕೆಂದರೆ ಸೋಸುವ ಜರಡಿ ಬೇರೆಯಿತ್ತು. ನೀವು ಪ್ರದರ್ಶನಕ್ಕೆ ಒಯ್ಯುತ್ತಿದ್ದದ್ದು ಏನು?

ತೋಟದವರು: ಹೂವು. ಉದ್ದ ತೊಟ್ಟಿನ ಮೇಲೆ ಒಂದೇ ಹೂವು. ಅರ್ಧ ಬಿರಿದು, ನಡುವೆ ಮೊನೆ ಎತ್ತಿ ನಿಂತಿರಬೇಕು.

ಮೇಷ್ಟ್ರು: ಗಿಡ?

ತೋಟದವರು: ಗಿಡ ಮನೆಯಲ್ಲಿ. ಗಿಡವನ್ನು ಯಾರು ನೋಡುತ್ತಾರೆ?

ಮೇಷ್ಟ್ರು: ನೂರೈವತ್ತು ವರ್ಷದ ಗುಲಾಬಿಯ ಚರಿತ್ರೆಯನ್ನು ಒಂದು ಮಾತಿನಲ್ಲಿ ಹೇಳಿದಿರಿ. 1867ರಲ್ಲಿ ಫ್ರಾನ್ಸಿನಲ್ಲಿ ‘ಲಾ ಫ್ರಾನ್ಸ್’ ಬಂತು. ಹೈಬ್ರಿಡ್ ಟೀ ವರ್ಗಕ್ಕೆ ಅದೇ ಮೊದಲನೆಯದು ಅಂತ ಎಣಿಕೆ. ಆವತ್ತಿನಿಂದ ತಳಿಗಾರರ ಕಣ್ಣು ಹೂವಿನ ಮಾಟದ ಮೇಲೆ, ಬಣ್ಣದ ಮೇಲೆ. ಗಾಢ ಹಳದಿ ಇರಲಿಲ್ಲ, ಅದಕ್ಕಾಗಿ ಎಲ್ಲರೂ ಹಪಹಪಿಸುತ್ತಿದ್ದರು. 1900ರಲ್ಲಿ ಲಿಯೋನ್ ನಗರದ ಪೆರ್ನೆ ಡ್ಯೂಶೆ ಪಾರಸಿಕ ಹಳದಿ ಗುಲಾಬಿಯನ್ನು ಬಳಸಿ ‘ಸೊಲೇ ದೋರ್’ ತಂದರು. ಇಂದಿನ ಹಳದಿ, ಕಿತ್ತಳೆ, ಜ್ವಾಲೆಯ ಬಣ್ಣದ ಗುಲಾಬಿಗಳ ಮನೆತನ ಅಲ್ಲಿಂದ ಶುರು. ಆದರೆ ಆ ಹಳದಿ ಅಜ್ಜಿಗೆ ಒಂದು ಕೊರತೆಯಿತ್ತು. ಕಪ್ಪು ಚುಕ್ಕೆ ಕಂಡರೆ ಎಲೆ ಚೆಲ್ಲಿಬಿಡುತ್ತಿದ್ದಳು. ಸೊಸೆಯಾಗಿ ಬಂದಾಗ ಒಡವೆಯ ಪೆಟ್ಟಿಗೆ ತಂದಳು, ಪೆಟ್ಟಿಗೆಯ ತಳದಲ್ಲಿ ರೋಗವೂ ಬಂತು.

ತೋಟದವರು: ಒಡವೆ ಕಂಡಾಗ ತಳ ನೋಡುವವರು ಯಾರು!

ಮೇಷ್ಟ್ರು: ಜೊತೆಗೆ ಔಷಧಿಗಳು ಬಂದವು. ಮೊದಲು ಗಂಧಕ, ಆಮೇಲೆ ತಾಮ್ರ. ಎರಡನೇ ಮಹಾಯುದ್ಧದ ನಂತರ ಒಂದಕ್ಕಿಂತ ಒಂದು ಬಲವಾದ ಪುಡಿಗಳು. ತಳಿಗಾರರು ತಮ್ಮ ಹೊಲಗಳಿಗೇ ಔಷಧಿ ಹೊಡೆದರು. ಆಗ ಯಾವ ಸಸಿ ಗಟ್ಟಿ, ಯಾವುದು ಟೊಳ್ಳು ಅಂತ ಗೊತ್ತಾಗುವುದು ಹೇಗೆ? ಪರೀಕ್ಷೆಯಲ್ಲಿ ಎಲ್ಲ ಹುಡುಗರಿಗೂ ಉತ್ತರಪತ್ರಿಕೆ ಹಂಚಿದ ಹಾಗಾಯಿತು. ಎಲ್ಲರೂ ಪಾಸು. ಫೇಲಾಗುತ್ತಿದ್ದದ್ದು ಕೊಂಡು ತಂದವರ ಮನೆಯಂಗಳದಲ್ಲಿ.

ತೋಟದವರು: ಆ ಅಂಗಳ ನನ್ನದೇ! ಒಂದು ಸಲ ದೊಡ್ಡ ನರ್ಸರಿಯೊಂದರಿಂದ ಹನ್ನೆರಡು ಗಿಡ ತಂದೆ. ತಂದ ದಿನ ಕನ್ನಡಿಯ ಹಾಗೆ ಎಲೆ. ಎರಡು ತಿಂಗಳಲ್ಲಿ ಕಡ್ಡಿ. ಕೇಳಿದರೆ, ನಿಮ್ಮ ಆರೈಕೆ ಸಾಲದು ಅಮ್ಮಾ ಅಂದರು. ತಪ್ಪು ನನ್ನದೇ ಅಂತ ಎಷ್ಟು ವರ್ಷ ಕೊರಗಿದ್ದೇನೆ.

ಮೇಷ್ಟ್ರು: ಈ ಗಿಡ ಮುಖ್ಯವಾಗುವುದು ಅಲ್ಲಿಯೇ. ಇದಕ್ಕಿಂತ ಚೆಲುವಿನ ಗುಲಾಬಿ ಸಾವಿರ ಇವೆ. ಆದರೆ ಇಲ್ಲಿ ಸೋಸುವ ಕಷ್ಟವನ್ನು ತಳಿಗಾರ ತಾನು ಹೊತ್ತ, ಕೊಂಡವರ ತಲೆಗೆ ಕಟ್ಟಲಿಲ್ಲ. ಮೊದಲು ಎಲೆ ಆರಿಸಿದ, ಹೂವನ್ನು ಆಮೇಲೆ ನೋಡಿದ.

ತೋಟದವರು: ಇವರೊಬ್ಬರೇ ಹಾಗೆ ಮಾಡಿದರೋ?

ಮೇಷ್ಟ್ರು: ಇಲ್ಲ. ಪಕ್ಕದ ಅಯೋವಾ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಗ್ರಿಫಿತ್ ಬಕ್ ಎಂಬ ಅಧ್ಯಾಪಕರಿದ್ದರು. ಅಲ್ಲಿಯ ಚಳಿಗೆ ಗುಲಾಬಿಯ ಕೊಂಬೆ ನೆಲದ ತನಕ ಸಾಯುತ್ತದೆ. ಅವರು ಹೊದಿಕೆಯನ್ನೂ ಕೊಡಲಿಲ್ಲ, ಔಷಧಿಯನ್ನೂ ಕೊಡಲಿಲ್ಲ. ಬದುಕಿದ್ದು ಬದುಕಲಿ ಅಂದರು. ಸೈಬೀರಿಯ ಕಡೆಯ ಕಾಡುಗುಲಾಬಿಯ ರಕ್ತ ಸೇರಿಸಿದರು. 1977ರಲ್ಲಿ ಅವರು ಬಿಟ್ಟ ‘ಕೇರ್‌ಫ್ರೀ ಬ್ಯೂಟಿ’ ಈ ನಾಕ್ ಔಟ್‌ನ ಪೂರ್ವಜರಲ್ಲಿ ಒಂದು. ಜರ್ಮನಿಯಲ್ಲಿ ಇನ್ನೊಂದು ಕ್ರಮ ಇದೆ. ಎ.ಡಿ.ಆರ್. ಎಂಬ ಪರೀಕ್ಷೆ, 1950ರ ಹೊತ್ತಿಗೆ ಶುರುವಾದದ್ದು. ದೇಶದ ಬೇರೆ ಬೇರೆ ಮೂಲೆಗಳ ಹನ್ನೊಂದು ತೋಟಗಳಲ್ಲಿ ಹೊಸ ತಳಿಯನ್ನು ಮೂರು ವರ್ಷ ನೆಟ್ಟು ನೋಡುತ್ತಾರೆ. 1990ರ ದಶಕದಿಂದೀಚೆಗೆ ಆ ತೋಟಗಳಲ್ಲಿ ಔಷಧಿ ಪೂರ್ತಿ ನಿಷೇಧ. ಇನ್ನೂ ಸ್ವಾರಸ್ಯ ಅಂದರೆ, ಕೊಟ್ಟ ಮುದ್ರೆಯನ್ನು ವಾಪಸು ತೆಗೆದುಕೊಳ್ಳುತ್ತಾರೆ.

ತೋಟದವರು: ವಾಪಸು? ಬಹುಮಾನ ಕೊಟ್ಟ ಮೇಲೆ?

ಮೇಷ್ಟ್ರು: ಕೆಲವು ವರ್ಷ ಗಟ್ಟಿಯಾಗಿದ್ದ ತಳಿ ಆಮೇಲೆ ರೋಗಕ್ಕೆ ಸೋಲಲು ಶುರು ಮಾಡಿದರೆ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ.

ತೋಟದವರು: ಗಿಡ ಅದೇ ಗಿಡ ಅಲ್ಲವೇ? ಕಸಿ ಮಾಡಿದ್ದು, ಕಡ್ಡಿಯಿಂದ ಬಂದದ್ದು ಎಲ್ಲ ಒಂದೇ ತಾಯಿಯ ತುಂಡು. ಅದು ಹೇಗೆ ಸೋಲುತ್ತದೆ? ತಡೆಯಿರಿ, ಉತ್ತರ ನನಗೇ ಗೊತ್ತು. ಇದು ಕೆಂಟ್ಸ್ ಕಾಫಿಯ ಕಥೆ.

ಮೇಷ್ಟ್ರು: ನೀವೇ ಹೇಳಿ. ಅದು ನಿಮ್ಮ ಸೀಮೆಯ ಕಥೆ.

ತೋಟದವರು: ನಮ್ಮ ಅಜ್ಜನ ಬಾಯಲ್ಲಿ ಕೇಳಿದ್ದು. ಅರೇಬಿಕಾ ಕಾಫಿಗೆ ಎಲೆ ತುಕ್ಕು ಬಂದು ತೋಟಗಳು ಬೋಳಾಗುತ್ತಿದ್ದ ಕಾಲ. ಮೈಸೂರು ಸೀಮೆಯ ಒಂದು ತೋಟದಲ್ಲಿ ಕೆಂಟ್ ಅನ್ನುವ ದೊರೆ ತುಕ್ಕು ಹಿಡಿಯದ ಗಿಡ ಕಂಡು, ಅದರ ಬೀಜ ಹರಡಿದ. ಎಲ್ಲರೂ ಅದನ್ನೇ ನೆಟ್ಟರು. ಗೆದ್ದೆವು ಅಂದುಕೊಂಡರು. ಆಮೇಲೆ ಅದಕ್ಕೂ ತುಕ್ಕು ಬಂತು. ಅಜ್ಜ ಅದನ್ನು ಹೇಳುವಾಗಲೆಲ್ಲ, ರೋಗಕ್ಕೂ ಬುದ್ಧಿ ಬರುತ್ತದೆ ಕಣೇ ಅನ್ನುತ್ತಿದ್ದ.

ಮೇಷ್ಟ್ರು: ಅಜ್ಜನ ಮಾತಿಗೆ ವಿಜ್ಞಾನದ ಮುದ್ರೆ ಬಿದ್ದದ್ದು ಬಾಳೆಹೊನ್ನೂರಿನಲ್ಲಿ. 1925ರಲ್ಲಿ ಅಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾಯಿತು. 1930ರ ದಶಕದಲ್ಲಿ ಅಲ್ಲಿದ್ದ ವಿಲ್ಸನ್ ಮೇನ್ ಎಂಬ ವಿಜ್ಞಾನಿ, ಕಾಫಿ ತುಕ್ಕಿನ ಶಿಲೀಂಧ್ರ ಒಂದೇ ಅಲ್ಲ, ಅದರಲ್ಲಿ ಬೇರೆ ಬೇರೆ ಪಂಗಡಗಳಿವೆ ಅಂತ ತೋರಿಸಿದರು. ಕೆಂಟ್ಸ್ ಒಂದು ಪಂಗಡಕ್ಕೆ ಬಾಗಿಲು ಹಾಕಿತ್ತು, ಇನ್ನೊಂದು ಪಂಗಡದ ಕೈಯಲ್ಲಿ ಆ ಬೀಗದ ಕೈ ಇತ್ತು. ಅದಾದ ಮೇಲೆ ಕೆಂಟ್ಸ್ ಜೊತೆ ಬೇರೊಂದು ಗಿಡ ಕೂಡಿಸಿ ಎಸ್. 795 ಮಾಡಿದರು.

ತೋಟದವರು: ಎಸ್. 795 ನಮ್ಮ ತೋಟದಲ್ಲಿ ಈಗಲೂ ಇದೆ. ತುಕ್ಕು ಬರುತ್ತದೆ, ಆದರೂ ಫಸಲು ಕೊಡುತ್ತದೆ. ಹಾಗಾದರೆ ಗುಲಾಬಿಯ ಕಪ್ಪು ಚುಕ್ಕೆಯಲ್ಲೂ ಪಂಗಡಗಳಿವೆಯೋ?

ಮೇಷ್ಟ್ರು: ಈವರೆಗೆ ಗುರುತಿಸಿದವೇ ಹತ್ತಕ್ಕಿಂತ ಹೆಚ್ಚು. ಒಂದು ತಳಿ ಮಿಲ್ವಾಕೀಯಲ್ಲಿ ಗಟ್ಟಿ, ಇನ್ನೊಂದು ಊರಿನಲ್ಲಿ ಮೆತ್ತಗೆ ಆಗುವುದಕ್ಕೆ ಅದೂ ಒಂದು ಕಾರಣ. ಅದಕ್ಕೇ ಪುಡಿಗೆ ರೋಗದ ಎಲೆ ಆರಿಸುವಾಗ ಒಂದೇ ತೋಟದ್ದನ್ನು ನೆಚ್ಚಬಾರದು. ಜೊತೆಗೆ ರೋಗನಿರೋಧಕ ಅಂದ ತಕ್ಷಣ ಎಲ್ಲ ರೋಗಕ್ಕೂ ಅಂತ ತಿಳಿಯಬಾರದು. ನಾಕ್ ಔಟ್ ಕಪ್ಪು ಚುಕ್ಕೆಗೆ ಜಗಜಟ್ಟಿ. ಆದರೆ ಈ ದೇಶದ ದಕ್ಷಿಣದಲ್ಲಿ, ಸೆಕೆ ಮತ್ತು ತೇವ ಹೆಚ್ಚಿರುವ ಕಡೆ, ಸರ್ಕೋಸ್ಪೊರಾ ಎಂಬ ಇನ್ನೊಂದು ಎಲೆಚುಕ್ಕೆ ಇದನ್ನು ಹಿಡಿಯುತ್ತದೆ.

ತೋಟದವರು: ಮೈಸೂರು ಪೈಲ್ವಾನ ಬೇರೆ ಅಖಾಡದಲ್ಲಿ ಬಿದ್ದ ಹಾಗೆ.

ಮೇಷ್ಟ್ರು: ಇನ್ನೂ ದೊಡ್ಡ ಪೆಟ್ಟು ಬೇರೆ ಕಡೆಯಿಂದ ಬಂತು. ರೋಸ್ ರೊಸೆಟ್ ಎಂಬ ರೋಗ. ಚಿಗುರೆಲ್ಲ ಕೆಂಪಗೆ ಗಂಟು ಗಂಟಾಗಿ ಪೊರಕೆಯ ಹಾಗೆ ಆಗುತ್ತದೆ, ಕೊಂಬೆಯ ಮೇಲೆ ಮಿತಿಮೀರಿ ಮುಳ್ಳು. ಕೆಲವು ವರ್ಷಗಳಲ್ಲಿ ಗಿಡ ಸಾಯುತ್ತದೆ. ವೈರಸ್ ಅಂತ ಖಚಿತವಾದದ್ದು 2011ರಲ್ಲಿ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಗಾಳಿಯಲ್ಲಿ ತೇಲಿ ಬಂದು ಹರಡುತ್ತದೆ. ಮದ್ದಿಲ್ಲ. ಬೇರುಸಹಿತ ಕಿತ್ತು ತೆಗೆಯುವುದೊಂದೇ ದಾರಿ.

ತೋಟದವರು: ಅದು ನಾಕ್ ಔಟ್‌ಗೂ ಬರುತ್ತದೋ?

ಮೇಷ್ಟ್ರು: ಇಂದಿನ ಬಹುಪಾಲು ಗುಲಾಬಿಗಳಿಗೆ ಬರುತ್ತದೆ. ಇದಕ್ಕೆ ಬಂದದ್ದು ಹೆಚ್ಚು ಕಣ್ಣಿಗೆ ಬಿತ್ತು, ಏಕೆಂದರೆ ಇದನ್ನೇ ಮೈಲುಗಟ್ಟಲೆ ಸಾಲಾಗಿ ನೆಟ್ಟಿದ್ದರು. ನುಸಿಗೆ ಒಂದು ಗಿಡದಿಂದ ಇನ್ನೊಂದಕ್ಕೆ ಹಾರಲು ಎಲ್ಲೂ ಅಡ್ಡಿಯಿರಲಿಲ್ಲ. ರೋಗವನ್ನು ಹಬ್ಬಿಸಿದ ಗಿಡ ಯಾವುದು ಗೊತ್ತೇ? ರೋಸಾ ಮಲ್ಟಿಫ್ಲೋರಾ ಎಂಬ ಏಷ್ಯಾದ ಕಾಡುಗುಲಾಬಿ. ಕಸಿಯ ಬೇರುಗಿಡವಾಗಿ ಈ ದೇಶಕ್ಕೆ ಬಂತು. 1930ರ ದಶಕದಲ್ಲಿ ಮಣ್ಣು ಕೊಚ್ಚಿ ಹೋಗದಿರಲಿ, ದನ ಒಳನುಗ್ಗದಿರಲಿ ಅಂತ ಸರ್ಕಾರವೇ ರೈತರಿಗೆ ಹಂಚಿ ಬೇಲಿಗೆ ನೆಡಿಸಿತು. ಹಕ್ಕಿಗಳು ಬೀಜ ಹರಡಿ ಕಳೆಯಾಯಿತು. ಆ ಕಳೆಯ ಪೊದೆಗಳೇ ನುಸಿಗೆ ತೊಟ್ಟಿಲು. ಈ ಕಥೆಯಲ್ಲಿ ಇನ್ನೊಂದು ತಿರುವಿದೆ. ಕಪ್ಪು ಚುಕ್ಕೆಯನ್ನು ತಡೆಯುವ ಜೀನುಗಳಲ್ಲಿ ವಿಜ್ಞಾನಿಗಳು ಚೆನ್ನಾಗಿ ಅರಿತಿರುವ ಆರ್‌ಡಿಆರ್-1 ಸಿಕ್ಕಿದ್ದೂ ಇದೇ ಮಲ್ಟಿಫ್ಲೋರಾದಿಂದ.

ತೋಟದವರು: ಒಂದು ಕೈಯಲ್ಲಿ ವರ, ಇನ್ನೊಂದರಲ್ಲಿ ಶಾಪ. ಹಾಗಾದರೆ ನಿಮ್ಮ ಪೈಲ್ವಾನ ಸೋತ ಅಂತಲೇ ಲೆಕ್ಕ. ಮತ್ತೆ ಯಾಕೆ ಹೊಗಳುತ್ತೀರಿ?

ಮೇಷ್ಟ್ರು: ಸೋತದ್ದು ಗಿಡವೋ, ಒಂದೇ ಗಿಡವನ್ನು ಊರೆಲ್ಲ ತುಂಬಿದ ಬುದ್ಧಿಯೋ? ಕೆಂಟ್ಸ್ ಸೋತಿತು ಅಂತ ಆ ದೊರೆ ಗಿಡ ಆರಿಸಿದ್ದು ತಪ್ಪಾಗುತ್ತದೆಯೇ?

ತೋಟದವರು: ಆಗುವುದಿಲ್ಲ. ಎಸ್. 795ರಲ್ಲಿ ಕೆಂಟ್ಸ್ ಇದೆಯಲ್ಲ. ಅಜ್ಜನೂ ಅದನ್ನು ಬೈಯುತ್ತಿರಲಿಲ್ಲ. ಒಂದನ್ನೇ ನೆಚ್ಚಬೇಡಿ ಅನ್ನುತ್ತಿದ್ದ, ಅಷ್ಟೆ.

ಮೇಷ್ಟ್ರು: ನಿಮ್ಮ ತಕರಾರಿನ ಪಟ್ಟಿಯಲ್ಲಿ ಇನ್ನೇನಿದೆ?

ತೋಟದವರು: ಪರಿಮಳ. ಅದನ್ನು ಬಿಟ್ಟುಕೊಡಲಾರೆ. ಎಲೆ ಗಟ್ಟಿ ಇರಲಿ, ಗುಲಾಬಿ ಅಂದ ಮೇಲೆ ಮೂಗಿಗೂ ಒಂದು ಪಾಲು ಬೇಡವೇ?

ಮೇಷ್ಟ್ರು: ಬೇಕು. ಅದು ಈ ಗಿಡದ ನಿಜವಾದ ಕೊರತೆ, ನಾನು ಒಪ್ಪುತ್ತೇನೆ. ರೋಗ ತಡೆಯುವುದೂ ಪರಿಮಳವೂ ಒಟ್ಟಿಗೆ ಬರಲಾರವು ಅಂತ ಗಿಡದೊಳಗೆ ಕಾನೂನೇನೂ ಇಲ್ಲ. ಇದೇ ಕುಟುಂಬದಲ್ಲಿ ಆಮೇಲೆ ಬಂದ ಹಳದಿ ‘ಸನ್ನಿ ನಾಕ್ ಔಟ್‌’ಗೆ ನವಿರಾದ ಪರಿಮಳವಿದೆ. ಜರ್ಮನಿಯ ಕೊರ್ಡೆಸ್ ಮನೆತನ ತಮ್ಮ ಪರೀಕ್ಷೆಯ ಹೊಲಗಳಿಗೆ ಶಿಲೀಂಧ್ರನಾಶಕ ನಿಲ್ಲಿಸಿ ಮೂವತ್ತು ವರ್ಷ ದಾಟಿತು. ಪರಿಮಳದ, ತುಂಬು ಎಸಳಿನ, ಗಟ್ಟಿ ಎಲೆಯ ಗುಲಾಬಿಗಳು ಅವರಲ್ಲಿ ಬರುತ್ತಿವೆ. ಮೊದಲ ಸುತ್ತಿನಲ್ಲಿ ಎಲ್ಲವನ್ನೂ ಕೇಳಬಾರದು.

ತೋಟದವರು: ಇನ್ನೊಂದು ವಿಷಯ. ಇಷ್ಟು ಹೂವು ಬಿಟ್ಟಿದೆ, ಬಾಡಿದ ಹೂವು ಗಿಡದಲ್ಲಿ ಕಾಣುವುದಿಲ್ಲ. ಯಾರು ಕತ್ತರಿಸುತ್ತಾರೆ?

ಮೇಷ್ಟ್ರು: ಯಾರೂ ಇಲ್ಲ. ಹೂದಾನಿಯಲ್ಲಿ ಎಸಳು ಉದುರುತ್ತದೆ ಅಂತ ಬೈದಿರಲ್ಲ, ಆ ಗುಣವೇ ಗಿಡದಲ್ಲಿ ಅನುಕೂಲ. ಎಸಳು ತಾನಾಗಿ ಉದುರುತ್ತದೆ. ಕತ್ತರಿ ಹಿಡಿದು ಕಾಯದಿದ್ದರೂ ಐದಾರು ವಾರಕ್ಕೊಮ್ಮೆ ಹೊಸ ಸುತ್ತು ಹೂವು, ಹಿಮ ಬೀಳುವ ತನಕ. ಸಾಮಾನ್ಯವಾಗಿ ಇದನ್ನು ಸ್ವಂತ ಬೇರಿನ ಮೇಲೇ ಬೆಳೆಸುತ್ತಾರೆ. ಚಳಿಗೆ ಮೇಲಿನ ಕೊಂಬೆ ಸತ್ತರೂ ಬುಡದಿಂದ ಅದೇ ಗಿಡ ಎದ್ದು ಬರುತ್ತದೆ. ಕಸಿಗಿಡವಾದರೆ ಬೇರುಗಿಡದ ಕಾಡುಚಿಗುರು ಮಾತ್ರ ಉಳಿಯುವ ಭಯ.

ತೋಟದವರು: ಅದು ನನಗೂ ಆಗಿದೆ, ಚಳಿಯಿಲ್ಲದೆಯೇ. ಕೆಂಪು ಗುಲಾಬಿ ಒಣಗಿ, ಬುಡದಿಂದ ಬಿಳಿ ಸಣ್ಣ ಹೂವಿನ ಬಳ್ಳಿ ಎದ್ದಿತು. ನೆರೆಮನೆಯವರು, ನಿಮ್ಮ ಗುಲಾಬಿ ಬಣ್ಣ ಬದಲಿಸಿತಲ್ಲ ಅಂದರು.

ಮೇಷ್ಟ್ರು: ಈ ನಗು ಎಲ್ಲ ತೋಟದವರ ಮನೆಯಲ್ಲೂ ಆಗಿದೆ.

ತೋಟದವರು: ಮೇಷ್ಟ್ರೇ, ನನ್ನ ಪ್ರಶ್ನೆ ಈಗ ಬೇರೆ. ಈ ನಾಕ್ ಔಟ್‌ನ ಕಡ್ಡಿ ಒಯ್ದು ಮೈಸೂರಲ್ಲಿ ನೆಟ್ಟರೆ?

ಮೇಷ್ಟ್ರು: ಅನುಮತಿಯಿಲ್ಲದೆ ಕಡ್ಡಿ ಒಯ್ಯುವುದು ಕಾನೂನಿಗೆ ವಿರುದ್ಧ, ಸಸ್ಯ ಕ್ವಾರಂಟೈನ್ ಸುಮ್ಮನೆ ಇಟ್ಟದ್ದಲ್ಲ. ಆ ನುಸಿಯ ಕಥೆ ಈಗಷ್ಟೇ ಹೇಳಿದೆ. ಅದು ಬಿಟ್ಟು ನೋಡಿದರೂ, ಇದು ಮೈನಸ್ ಇಪ್ಪತ್ತೈದು ಡಿಗ್ರಿಯ ಚಳಿ ತಾಳಲಿ ಅಂತ ಆರಿಸಿದ ಗಿಡ. ನಮಗೆ ಆ ಚಳಿಯ ಹಂಗಿಲ್ಲ. ನಮ್ಮ ಗುಲಾಬಿಯ ಶತ್ರುಗಳು ಬೇರೆ. ಮಳೆಗಾಲಕ್ಕೆ ಕಪ್ಪು ಚುಕ್ಕೆ, ಚಳಿಗಾಲದ ಒಣಹವೆಗೆ ಬೂದಿ ರೋಗ, ಬೇಸಿಗೆಗೆ ಕೆಂಪು ನುಸಿ, ಥ್ರಿಪ್ಸ್, ವರ್ಷವಿಡೀ ಕೊಂಬೆ ಒಣಗು ರೋಗ.

ತೋಟದವರು: ಅಂದರೆ ನಮ್ಮ ಗರಡಿ ನಮ್ಮಲ್ಲೇ ಆಗಬೇಕು.

ಮೇಷ್ಟ್ರು: ಅದೇ. ಕೊಡೈಕೆನಾಲಿನಲ್ಲಿ ವೀರು ವೀರರಾಘವನ್ ಮತ್ತು ಗಿರಿಜಾ ವೀರರಾಘವನ್ ದಶಕಗಟ್ಟಲೆ ಆ ದಾರಿಯಲ್ಲಿ ಕೆಲಸ ಮಾಡಿದರು. ವೀರು ಅವರು ಐ.ಎ.ಎಸ್. ಹುದ್ದೆ ಬಿಟ್ಟು ಗುಲಾಬಿಗೆ ಬಂದವರು. ಬೆಚ್ಚನೆಯ ನಾಡಿಗೆ ಗುಲಾಬಿ ಬೇಕಾದರೆ ಬೆಚ್ಚನೆಯ ನಾಡಿನ ಕಾಡುಗುಲಾಬಿಯ ರಕ್ತ ಬೇಕು ಅನ್ನುವುದು ಅವರ ವಾದ. ಎರಡನ್ನು ಹಿಡಿದರು. ಮಣಿಪುರದ ಬೆಟ್ಟಗಳಲ್ಲಿ ಮರ ಹತ್ತುವ ರೋಸಾ ಜೈಜಾಂಟಿಯಾ ಒಂದು. ಗಂಗೆಯ ಬಯಲಿನ ಕಡೆ ನೀರಿನಂಚಿನಲ್ಲಿ ಬೆಳೆಯುವ ರೋಸಾ ಕ್ಲಿನೋಫಿಲ್ಲಾ ಇನ್ನೊಂದು. ಬುಡ ನೆನೆದರೂ ಸೆಕೆಯಾದರೂ ತಾಳುವ ಗುಲಾಬಿ ಅದು.

ತೋಟದವರು: ನೀರಲ್ಲಿ ನಿಲ್ಲುವ ಗುಲಾಬಿ! ನಮ್ಮ ಮಲೆನಾಡಿಗೆ ಅಂಥದ್ದೇ ಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರೂ ಗುಲಾಬಿ ತಳಿಗಳನ್ನು ಬಿಟ್ಟಿದ್ದಾರಲ್ಲ, ‘ಅರ್ಕ ಪರಿಮಳ’, ‘ಅರ್ಕ ಸವಿ’ ಅಂತ.

ಮೇಷ್ಟ್ರು: ಬಿಟ್ಟಿದ್ದಾರೆ. ಬೆಂಗಳೂರಿನ ಹವೆಯಲ್ಲೇ ಆರಿಸಿದ ತಳಿ ಅನ್ನುವುದೇ ಒಂದು ಅರ್ಹತೆ. ಹೊರಗಿನ ತಳಿಗಿಂತ ಅದನ್ನು ಮೊದಲು ನೆಟ್ಟು ನೋಡುವುದು ಬುದ್ಧಿವಂತಿಕೆ.

ತೋಟದವರು: ಇಷ್ಟೆಲ್ಲ ಹೇಳಿದ ಮೇಲೆ ನನಗೆ ನೆನಪಾಗುವುದು ತವರಿನ ಪನ್ನೀರು ಗುಲಾಬಿ. ಬಾವಿಕಟ್ಟೆಯ ಪಕ್ಕದಲ್ಲಿತ್ತು. ಅಮ್ಮ ಮುಸುರೆ ನೀರು ಚೆಲ್ಲಿದ್ದು ಬಿಟ್ಟರೆ ಬೇರೆ ಉಪಚಾರ ಇಲ್ಲ. ಮಳೆಗಾಲದಲ್ಲಿ ಅದಕ್ಕೂ ಚುಕ್ಕೆ ಬರುತ್ತಿತ್ತು, ಎಲೆ ಉದುರುತ್ತಿತ್ತು. ದೀಪಾವಳಿ ಹೊತ್ತಿಗೆ ಮತ್ತೆ ಚಿಗುರಿ ಮನೆಯೆಲ್ಲ ಘಮ್ಮೆನ್ನುತ್ತಿತ್ತು. ಅದನ್ನು ರೋಗನಿರೋಧಕ ಅನ್ನಬಹುದೇ?

ಮೇಷ್ಟ್ರು: ಅದನ್ನು ತಾಳಿಕೆ ಅನ್ನುತ್ತೇವೆ. ನಿರೋಧ ಎಂದರೆ ರೋಗಕ್ಕೆ ಬಾಗಿಲು ಹಾಕುವುದು. ತಾಳಿಕೆ ಎಂದರೆ ರೋಗ ಒಳಗೆ ಬಂದರೂ ಸಂಸಾರ ನಡೆಸುವುದು. ಎರಡೂ ಬೇಕು. ಬಾಗಿಲಿನ ಬೀಗ ಒಂದು ದಿನ ಮುರಿಯಬಹುದು, ತಾಳಿಕೆಯನ್ನು ಮುರಿಯುವುದು ಅಷ್ಟು ಸುಲಭವಲ್ಲ. ನಿಮ್ಮ ಎಸ್. 795 ಈಗ ನಿಂತಿರುವುದೂ ಹೆಚ್ಚಾಗಿ ಹಾಗೆಯೇ.

ತೋಟದವರು: ಹಾಗಾದರೆ ನಾನು ಊರಿಗೆ ಹೋದ ಮೇಲೆ ಮಾಡಬಹುದಾದದ್ದು ಒಂದಿದೆ. ನನ್ನ ಅರವತ್ತು ಕುಂಡಗಳಲ್ಲಿ ಒಂದು ಸಾಲು, ಹತ್ತು ಕುಂಡ, ಬೇರೆ ಇಡುತ್ತೇನೆ. ಒಂದು ಮಳೆಗಾಲ ಅವುಗಳಿಗೆ ಔಷಧಿ ಮುಟ್ಟಿಸುವುದಿಲ್ಲ. ಉಳಿದದ್ದರ ಕಡ್ಡಿ ನೆಡುತ್ತೇನೆ, ಉಳಿಯದ್ದನ್ನು ಗೊಬ್ಬರದ ಗುಂಡಿಗೆ ಹಾಕುತ್ತೇನೆ.

ಮೇಷ್ಟ್ರು: ರೋಗದ ಎಲೆಯ ಪುಡಿಯನ್ನೂ ಉದುರಿಸುತ್ತೀರೋ?

ತೋಟದವರು: ಅದು ಮಾತ್ರ ನನ್ನಿಂದ ಆಗದು. ನಮ್ಮ ಮೈಸೂರಲ್ಲಿ ಅದಕ್ಕೆ ಪುಡಿ ಬೇಕಿಲ್ಲ, ಆಷಾಢದ ಜಡಿಮಳೆ ಸಾಕು. ಆದರೆ ಒಂದು ಮಳೆಗಾಲಕ್ಕೆ ಗೊತ್ತಾಗುತ್ತದೋ?

ಮೇಷ್ಟ್ರು: ಒಂದರಲ್ಲಿ ಟೊಳ್ಳು ಗೊತ್ತಾಗುತ್ತದೆ. ಗಟ್ಟಿ ಯಾವುದು ಅಂತ ಹೇಳಲು ಮೂರು ಬೇಕು. ಉದುರಿದ ಎಲೆ ಮಾತ್ರ ಗುಡಿಸಿ ತೆಗೆಯಿರಿ. ಗಿಡ ಎಷ್ಟೇ ಗಟ್ಟಿಯಾದರೂ ಶತ್ರುವಿಗೆ ಅಂಗಳದಲ್ಲೇ ಹಾಸಿಗೆ ಹಾಕಿ ಕೊಡಬಾರದು. ಆಮೇಲೆ, ಹತ್ತೂ ಕುಂಡದಲ್ಲಿ ಒಂದೇ ತಳಿ ಇಡಬೇಡಿ.

ತೋಟದವರು: ಅದನ್ನು ಅಜ್ಜ ಹೇಳಿಯಾಗಿದೆ. ಇನ್ನು ಮೇಲೆ ನರ್ಸರಿಗೆ ಹೋದಾಗ ನಾನು ಮೊದಲು ಹೂವು ಕೇಳುವುದಿಲ್ಲ ಮೇಷ್ಟ್ರೇ. ಈ ತಳಿಯನ್ನು ಔಷಧಿಯಿಲ್ಲದೆ ಎಷ್ಟು ಮಳೆಗಾಲ ನೋಡಿದ್ದೀರಿ, ಯಾವ ಊರಲ್ಲಿ ನೋಡಿದ್ದೀರಿ ಅಂತ ಕೇಳುತ್ತೇನೆ. ಉತ್ತರ ಬಾರದಿದ್ದರೆ, ಎಷ್ಟೇ ಚೆಲುವಾದ ಹೂವು ತೋರಿಸಲಿ, ಬುಡದ ಎಲೆ ನೋಡದೆ ದುಡ್ಡು ತೆಗೆಯುವುದಿಲ್ಲ.